ತಿಥಿ ನೋಡಿ ಸಿಂಫನಿ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ನುಡಿಸುವ ಸಿಂಫನಿ ಆರ್ಕೆಸ್ಟ್ರಾದ ಮುಂದಿನ ಸೀಸನ್ನಿನಲ್ಲಿ ಏನೇನು ಕಚೇರಿ ಎಂದು ತಿಳಿಯಲು ಸಂಗೀತಜ್ಞಾನವೇನೂ ಬೇಡ, ಒಂದು ಪಂಚಾಂಗ ಸಾಕು. 2020, ಜರ್ಮನಿಯ ಸಂಗೀತ ರಚನಕಾರ ಬೀಥೋವನ್ ಹುಟ್ಟಿ 250 ವರ್ಷ. ಎಲ್ಲೆಲ್ಲೂ ಬೀಥೋವನ್ ಎಂದು ಪಟ್ಟಿ ಸಿದ್ಧವಾಗಿತ್ತು, ಕೊರೊನಾ ಬಂದು ಸಭಾಂಗಣಗಳಿಗೆ ಬೀಗ ಬಿತ್ತು. ಅವನ ಹುಟ್ಟೂರು ಬಾನ್‌ನವರು ಬಿಟ್ಟಾರೆಯೇ? ಉತ್ಸವವನ್ನು 2021ಕ್ಕೆ ಎಳೆದರು. 2024ರಲ್ಲಿ ಆಸ್ಟ್ರಿಯದ ರಚನಕಾರ ಬ್ರೂಕ್ನರ್ ಹುಟ್ಟಿ 200. 2025ರಲ್ಲಿ ಫ್ರಾನ್ಸಿನ ರಾವೆಲ್ ಹುಟ್ಟಿ 150, ರಷ್ಯದ ಶೊಸ್ತಾಕೊವಿಚ್ ಸತ್ತು 50. 2027ಕ್ಕೆ ಬೀಥೋವನ್ ತೀರಿಕೊಂಡು 200. ಹುಟ್ಟಿದ್ದಕ್ಕೂ ಅವನೇ, ಸತ್ತದ್ದಕ್ಕೂ ಅವನೇ. ನಡುವಿನ ವರ್ಷಗಳಲ್ಲಿ ಏನು ನುಡಿಸುತ್ತಾರೆ? ಬೀಥೋವನ್.

ಬದುಕಿರುವ ಸಂಗೀತ ರಚನಕಾರರಿಗೆ ಜಾಗವೇ ಇಲ್ಲ ಎಂದಲ್ಲ. ಸಂಜೆಯ ಮೊದಲ ಹತ್ತು ನಿಮಿಷ ಅವರದು. ಆ ಹೊತ್ತಿಗೆ ಕೆಲವರು ಇನ್ನೂ ಪಾರ್ಕಿಂಗ್ ಹುಡುಕುತ್ತಿರುತ್ತಾರೆ. ತಡವಾಗಿ ಬಂದವರನ್ನು ಮೊದಲ ಕೃತಿ ಮುಗಿಯುವವರೆಗೆ ಒಳಗೆ ಬಿಡುವುದಿಲ್ಲ, ಆದ್ದರಿಂದ ತಿಳಿದವರು ತಡವಾಗಿಯೇ ಬರುತ್ತಾರೆ. ಕೃತಿ ಮುಗಿದು ಚಪ್ಪಾಳೆ ಶುರುವಾದಾಗ ಐದನೇ ಸಾಲಿನಿಂದ ಒಬ್ಬರು ದಡಬಡಿಸಿ ಎದ್ದು, ಆರೆಂಟು ಜನರ ಮೊಣಕಾಲು ದಾಟಿ, ವೇದಿಕೆಯ ಕಡೆ ಓಡುವುದನ್ನು ನೋಡಬೇಕು. ಅವರೇ ಬರೆದವರು. ಚಪ್ಪಾಳೆ ನಿಲ್ಲುವುದರೊಳಗೆ ಮೇಲೆ ಹತ್ತಬೇಕು, ಇಲ್ಲದಿದ್ದರೆ ಯಾರೋ ಶೌಚಾಲಯಕ್ಕೆ ಹೊರಟಿದ್ದಾರೆ ಎಂದುಕೊಳ್ಳುತ್ತಾರೆ. ಕರಪತ್ರದಲ್ಲಿ ‘ವಿಶ್ವದಲ್ಲೇ ಪ್ರಥಮ ಪ್ರದರ್ಶನ’ ಎಂದಿರುತ್ತದೆ. ಎಷ್ಟೋ ಸಲ ಕೊನೆಯದೂ ಅದೇ.

ನಾವೇನೂ ನಗಬೇಕಾಗಿಲ್ಲ. ನಮ್ಮ ರಾಮನವಮಿ ಪೆಂಡಾಲಿನಲ್ಲಿ ವಿದ್ವಾಂಸರು ತ್ಯಾಗರಾಜರನ್ನು ಬಿಟ್ಟು ಸ್ವಂತ ಕೃತಿ ಎತ್ತಿಕೊಳ್ಳಲಿ, ಜನ ತನಿ ಆವರ್ತನಕ್ಕೂ ಕಾಯದೆ ಕ್ಯಾಂಟೀನಿಗೆ ಹೊರಡುತ್ತಾರೆ.

ಇದೇ ಬೀಥೋವನ್ 1808ರ ಡಿಸೆಂಬರ್ 22ರಂದು ವಿಯೆನ್ನಾದಲ್ಲಿ ಸುಮಾರು ನಾಲ್ಕು ಗಂಟೆಯ ಕಚೇರಿ ಮಾಡಿದ. ಕೊರೆಯುವ ಚಳಿ. ಐದನೇ ಸಿಂಫನಿ, ಆರನೇ ಸಿಂಫನಿ ಎರಡೂ ಜನರ ಕಿವಿಗೆ ಬಿದ್ದದ್ದು ಅಂದೇ ಮೊದಲು. ಇಂದಿನ ಮಾರ್ಕೆಟಿಂಗ್ ವಿಭಾಗದ ಮುಂದೆ ಅವನು ಆ ಪಟ್ಟಿ ಹಿಡಿದು ನಿಂತರೆ ಏನನ್ನುತ್ತಿದ್ದರು? “ಹತ್ತು ನಿಮಿಷದ್ದು ಏನಾದರೂ ಇದ್ದರೆ ಕೊಡಿ ಸಾರ್. ಮಿಕ್ಕ ಹೊತ್ತಿಗೆ ಮೊಜಾರ್ಟ್ ಹಾಕಿಕೊಳ್ಳುತ್ತೇವೆ.”

ಬದುಕಿದ್ದವರ ಮೇಲೆ ದುಡ್ಡು ಹಾಕಿದ ಪುಣ್ಯಾತ್ಮರೂ ಇದ್ದರು, ಅವರಲ್ಲೊಬ್ಬರು ನಮ್ಮ ಮೈಸೂರಿನವರೇ. ಲಂಡನ್ನಿನಲ್ಲಿ ಬಡತನದಲ್ಲಿದ್ದ ರಷ್ಯದ ರಚನಕಾರ, ಪಿಯಾನೊ ವಾದಕ ನಿಕೊಲಾಯ್ ಮೆಡ್ಟ್ನರ್ ಕೃತಿಗಳನ್ನು ಅವರ ಕೈಯಲ್ಲೇ ನುಡಿಸಿ ಧ್ವನಿಮುದ್ರಿಸಲು ಜಯಚಾಮರಾಜ ಒಡೆಯರ್ ಹಣ ಕೊಟ್ಟರು. ಮೆಡ್ಟ್ನರ್ ತಮ್ಮ ಮೂರನೇ ಪಿಯಾನೊ ಕನ್ಸರ್ಟೊವನ್ನು (ಪಿಯಾನೊ ಮತ್ತು ಆರ್ಕೆಸ್ಟ್ರಾ ಜೊತೆಯಾಗಿ ನುಡಿಸುವ ಕೃತಿ) ಮಹಾರಾಜರಿಗೇ ಅರ್ಪಿಸಿದರು. ಜರ್ಮನಿಯ ರಚನಕಾರ ರಿಚರ್ಡ್ ಸ್ಟ್ರಾಸ್ ತೀರಿಕೊಂಡ ಮರುವರ್ಷ, 1950ರಲ್ಲಿ, ಅವರ ಕೊನೆಯ ನಾಲ್ಕು ಹಾಡುಗಳ ಮೊದಲ ಪ್ರದರ್ಶನಕ್ಕೂ ಒಡೆಯರ್ ನೆರವಾದರು. ಸತ್ತ ಸ್ಟ್ರಾಸ್ ಇಂದಿಗೂ ಸೀಸನ್ ತಪ್ಪಿಸುವುದಿಲ್ಲ. ಮೆಡ್ಟ್ನರ್ ಹೆಸರು ಮಾತ್ರ ಸಿಂಫನಿ ಪಟ್ಟಿಗಳಲ್ಲಿ ಕಾಣುವುದೇ ಅಪರೂಪ.

150ನೇ ಹುಟ್ಟುಹಬ್ಬಕ್ಕಾದರೂ ಕರೆದಾರೆ? ಅಲ್ಲೂ ಗ್ರಹಚಾರ. ರಷ್ಯದ ಹಳೆಯ ಕ್ಯಾಲೆಂಡರಿನಲ್ಲಿ ಅವರು ಹುಟ್ಟಿದ್ದು 1879ರ ಡಿಸೆಂಬರ್, ಹೊಸದರಲ್ಲಿ 1880ರ ಜನವರಿ. ಆಚರಿಸುವುದು 2029ಕ್ಕೋ 2030ಕ್ಕೋ ಎಂದು ಸಮಿತಿ ಕೂತು ಕಾಫಿ ಕುಡಿಯುವಷ್ಟರಲ್ಲಿ ಆ ಸಂಜೆಗಳೂ ಬೀಥೋವನ್ ಹೆಸರಿಗೆ ಬುಕ್ ಆಗಿರುತ್ತವೆ.