‘ಕ್ಲಿಪ್ ಬಿಗಿ ಮಾಡಿದ್ರೆ ಸರಿಹೋಗುತ್ತೆ ಬಿಡಿ ಸಾರ್’

ಹಳೆ ಜೀಪಿಗೆ ಬೇರೆ ಗಾಡಿಯ ಎಂಜಿನ್ ಕೂರಿಸಿ, ದಪ್ಪ ಟೈರು ಹಾಕಿಸಿ ಶಿರಾಡಿ ಘಾಟಿ ಹತ್ತಿಸುವವರಿಗೆ ಒಂದು ಮಾತ್ರ ಗ್ಯಾರಂಟಿ: ಬಾನೆಟ್ಟಿನಿಂದ ಬಿಳಿ ಆವಿ ಎದ್ದ ಐದೇ ನಿಮಿಷಕ್ಕೆ ಸಲಹೆಗಾರರು ಸೇರುತ್ತಾರೆ. ಒಬ್ಬರು ‘ಹೆಡ್ ಗ್ಯಾಸ್ಕೆಟ್ ಹೋಯ್ತು’ ಎಂದು ಎಂಜಿನ್ನಿನ ತಿಥಿಗೇ ದಿನ ಗೊತ್ತು ಮಾಡುತ್ತಾರೆ. ಇನ್ನೊಬ್ಬರು ನೀರಿನ ಬಾಟಲಿ ಹಿಡಿದು ಕಾದ ರೇಡಿಯೇಟರಿನ ಕ್ಯಾಪ್ ತಿರುಗಿಸಲು ಹೊರಡುತ್ತಾರೆ. ಅವರ ಕೈ ಹಿಡಿದು ಹಿಂದಕ್ಕೆಳೆಯಿರಿ. ಒಳಗಿನ ನೀರು 100 ಡಿಗ್ರಿ ದಾಟಿದ್ದರೂ ಒತ್ತಡಕ್ಕೆ ಹೆದರಿ ಕುದಿಯದೆ ಕೂತಿದೆ. ಕ್ಯಾಪ್ ಸಡಿಲವಾದ ಕ್ಷಣವೇ ಮುಖಕ್ಕೆ ಬರುತ್ತದೆ. ಮೂರನೆಯವರು ಸ್ಕ್ರೂಡ್ರೈವರ್ ತೆಗೆದು, ರೇಡಿಯೇಟರಿಗೂ ಎಂಜಿನ್ನಿಗೂ ನಡುವೆ ನೀರು ಹರಿಸುವ ರಬ್ಬರ್ ಹೋಸನ್ನು ಬಿಗಿದಿಟ್ಟ ಲೋಹದ ಪಟ್ಟಿ ತೋರಿಸಿ ‘ಕ್ಲಿಪ್ ಬಿಗಿ ಮಾಡಿದ್ರೆ ಸರಿಹೋಗುತ್ತೆ ಬಿಡಿ ಸಾರ್’ ಅನ್ನುತ್ತಾರೆ. ಮೂವರಲ್ಲಿ ಇವರೇ ಅಪಾಯಕಾರಿ, ಏಕೆಂದರೆ ಇವರ ಮಾತನ್ನು ಎಲ್ಲರೂ ನಂಬುತ್ತಾರೆ.

ಕ್ಲಿಪ್ಪಿನ ಕೆಲಸ ನೀರು ಸೋರದಂತೆ ನೋಡಿಕೊಳ್ಳುವುದು. ಹೋಸ್ ಕಳಚಿಕೊಳ್ಳದಂತೆ ತಡೆಯುವುದು ಪೈಪಿನ ತುದಿಯ ಉಬ್ಬು, ಗ್ಯಾರೇಜಿನ ಬಾಯಲ್ಲಿ ಬೀಡ್. ಸೊಂಟ ಇದ್ದರೆ ತಾನೇ ಬೆಲ್ಟಿಗೆ ಪಂಚೆ ನಿಲ್ಲುವುದು? ಲೆಕ್ಕ ಬೇಕಾದವರಿಗೆ: 38 ಮಿ.ಮೀ. ಒಳವ್ಯಾಸದ ಹೋಸಿನಲ್ಲಿ 0.9 ಬಾರ್ ಒತ್ತಡವಿದ್ದರೆ, ಅದನ್ನು ಪೈಪಿನಿಂದ ಹೊರಗೆ ತಳ್ಳುವ ಬಲ ಸುಮಾರು 10 ಕೆ.ಜಿ. ತೂಕದಷ್ಟು. ಬಿಸಿಗೆ ಮೆತ್ತಗಾದ ರಬ್ಬರು, ಕೂಲೆಂಟಿನಿಂದ ಜಾರುವ ನುಣುಪು ಪೈಪು, ಜೊತೆಗೆ ಎಂಜಿನ್ನಿನ ನಡುಕ. ಸ್ಕ್ರೂಡ್ರೈವರ್ ಪಾಪ ಎಷ್ಟೆಂದು ಹೋರಾಡೀತು?

ಕಂಪನಿಯಿಂದ ಬಂದ ಗಾಡಿಯಲ್ಲಿ ಈ ಗೋಳಿಲ್ಲ. ಎಂಜಿನ್ ಬದಲಿಸಿದ ಗಾಡಿಯಲ್ಲಿ ರೇಡಿಯೇಟರಿನ ಮೂತಿ ಎಡಕ್ಕೆ, ಎಂಜಿನ್ನಿನದು ಬಲಕ್ಕೆ. ಒಂದು 38 ಮಿ.ಮೀ., ಇನ್ನೊಂದು 32. (ಆರ್‌ಟಿಓ ಅನುಮತಿ ಬೇರೆಯೇ ಪುರಾಣ, ಅದನ್ನು ಪಾರಾಯಣ ಮಾಡದೆ ರಸ್ತೆಗಿಳಿಯಬೇಡಿ.) ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಇಡೀ ದಿನ ಅಲೆದರೂ ಎರಡನ್ನೂ ಒಪ್ಪಿಸುವ ಹೋಸ್ ಸಿಗುವುದಿಲ್ಲ. ಆಗ ನಡುವೆ ಲೋಹದ ಪೈಪು ಹಾಕಿ, ಎರಡು ತುದಿಗೂ ಚಿಕ್ಕ ಹೋಸ್ ತುಂಡು ಕೊಡುವುದೇ ದಾರಿ. 1.5 ಮಿ.ಮೀ. ಗೋಡೆಯ ಅಲ್ಯೂಮಿನಿಯಂ ಅಥವಾ 304 ಸ್ಟೇನ್‌ಲೆಸ್ ಸಾಕು. ಗೇಟಿಗೆ ತಂದು ಮಿಕ್ಕ ಕಬ್ಬಿಣದ ಪೈಪು ಹಾಕಿದರೆ ಅದು ಒಳಗಿನಿಂದಲೇ ತುಕ್ಕು ಹಿಡಿದು, ರೇಡಿಯೇಟರಿಗೆ ಕೆಮ್ಮಣ್ಣು ಬಡಿಸುತ್ತದೆ.

ಬೀಡ್ ತುದಿಯಿಂದ ಆರೇಳು ಮಿ.ಮೀ. ಒಳಗಿರಬೇಕು, ಎತ್ತರ 1.5ರಿಂದ 2 ಮಿ.ಮೀ. ಕೈಯಲ್ಲಿ ತಿರುಗಿಸುವ ಬೀಡ್ ರೋಲರಿನಲ್ಲಿ ಒಂದು ಸುತ್ತು ಪೂರ್ತಿ ತಿರುಗಿಸಿ, ಸ್ಕ್ರೂ ಸ್ವಲ್ಪವೇ ಒತ್ತಿ, ಮತ್ತೆ ಸುತ್ತು. ಊಟಕ್ಕೆ ಹೊತ್ತಾಯಿತೆಂದು ಒಂದೇ ಸಲಕ್ಕೆ ಒತ್ತಿದರೆ ಪೈಪು ಬಿರುಕು ಬಿಡುತ್ತದೆ, ಅದರಲ್ಲೂ ಟಿ6 ಗಡಸಿನ ಅಲ್ಯೂಮಿನಿಯಂ. ಅದಕ್ಕೆ ಮೊದಲು ತುದಿಯನ್ನು ಕಾಯಿಸಿ ಮೆದು ಮಾಡಿಕೊಳ್ಳಬೇಕು. ಇಲ್ಲೇ ಒಳ್ಳೆಯ ನಾಟಕ. ಕಬ್ಬಿಣ ಕಾಯಿಸಿ ಕಲಿತವರು ಕೆಂಪಾಗಲಿ ಎಂದು ಕಾಯುತ್ತಾರೆ. ಅಲ್ಯೂಮಿನಿಯಂ ಕೆಂಪಾಗುವ ಆಸಾಮಿಯಲ್ಲ. ಮುಖದ ಬಣ್ಣ ಬದಲಿಸದೆ ಹಾಗೇ ಕರಗಿ ಕಾಲಬುಡಕ್ಕೆ ಬೀಳುತ್ತದೆ. ಉಪಾಯವಿರುವುದು ಬಟ್ಟೆ ಸೋಪಿನಲ್ಲಿ. ತುದಿಗೆ ಸೋಪು ತಿಕ್ಕಿ, ಗ್ಯಾಸ್ ಉರಿಯನ್ನು ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ಕಾಯಿಸಿ. ಸೋಪಿನ ಗೆರೆ ಹಳದಿಯಾಗಿ, ಕಂದಾಗಿ, ಕಪ್ಪಿಗೆ ತಿರುಗಿತೋ, ಉರಿ ತೆಗೆದುಬಿಡಿ. ಆರಿದ ಮೇಲೆ ಬೀಡ್ ಸಲೀಸಾಗಿ ಏಳುತ್ತದೆ. ರೋಲರ್ ಸಿಗದಿದ್ದರೆ ತುದಿಯ ಸುತ್ತ ಆರ್ಗಾನ್ ವೆಲ್ಡಿಂಗಿನಲ್ಲಿ ಒಂದು ಉಂಗುರ ಎಳೆಸಿ, ಅರದಿಂದ ನಯ ಮಾಡಿದರೂ ಆಗುತ್ತದೆ. ಚೂಪು ಉಳಿದರೆ ಹೋಸಿನ ಒಳಮೈ ಕೊಯ್ದುಹೋಗುತ್ತದೆ.

ಅಲ್ಯೂಮಿನಿಯಂ ಬೆಸೆಯಲು 4043 ಕಡ್ಡಿ ಕೇಳಿ. 5356 ಗಟ್ಟಿ ಎನ್ನುವುದು ನಿಜ, ಆದರೆ ಸದಾ 65 ಡಿಗ್ರಿ ಮೀರಿ ಕಾಯುವ ಕಡೆ ಅದು ಕಾಲಾಂತರದಲ್ಲಿ ಸೀಳುತ್ತದೆ. ಸ್ಟೇನ್‌ಲೆಸ್ ಬೆಸೆಯುವಾಗ ಪೈಪಿನ ಒಳಗಿನಿಂದಲೂ ಆರ್ಗಾನ್ ಗ್ಯಾಸ್ ಬಿಡಿಸದಿದ್ದರೆ ಒಳಬದಿಯಲ್ಲಿ ಕರಕಲು ಹರಳುಗಟ್ಟಿ, ಮುಂದೆ ಒಂದೊಂದೇ ಉದುರಿ ಪ್ರವಾಸ ಹೊರಡುತ್ತದೆ. ಪೈಪು ಬಗ್ಗಿಸಲು ಮರಳು ತುಂಬುವವರು ಮರಳನ್ನು ಮೊದಲು ಹುರಿಯಿರಿ. ತೇವದ ಮರಳಿಗೆ ಎರಡೂ ಕಡೆ ಬೆಣೆ ಹೊಡೆದು ಕಾಯಿಸಿದರೆ ಬೆಣೆ ಹೋಗಿ ಎದುರು ಗೋಡೆಗೆ ಬಡಿಯುತ್ತದೆ, ಅದೂ ನಡುವೆ ಯಾರೂ ನಿಂತಿಲ್ಲದಿದ್ದರೆ.

ಇನ್ನು ಕ್ಲಿಪ್. ಹೋಸ್ ಪೈಪಿನ ಮೇಲೆ 30-35 ಮಿ.ಮೀ. ಕೂರಬೇಕು. ಕ್ಲಿಪ್ಪಿನ ಜಾಗ ಬೀಡಿನ ಹಿಂದೆ, ಹೋಸಿನ ಅಂಚಿನಿಂದ ನಾಲ್ಕೈದು ಮಿ.ಮೀ. ಒಳಗೆ. ಬೀಡಿನ ಮೇಲೆಯೇ ಕಟ್ಟಿದರೆ ಅದು ಒಂದಲ್ಲ ಒಂದು ದಿನ ಆಚೆಗೋ ಈಚೆಗೋ ಜಾರುತ್ತದೆ. ಸಿಲಿಕಾನ್ ಹೋಸಿಗೆ ತೂತು ಪಟ್ಟಿಯ ಅಗ್ಗದ ಕ್ಲಿಪ್ ಬೇಡ. ತೂತುಗಳಿಂದ ರಬ್ಬರು ಶ್ಯಾವಿಗೆಯಾಗಿ ಹೊರಬರುತ್ತದೆ. ಒಳಗೆ ನುಣುಪು ಪಟ್ಟಿಯಿರುವುದೇ ಆಗಬೇಕು. ನೀಲಿ ಸಿಲಿಕಾನ್ ಕಣ್ಣಿಗೆ ಚೆಂದ, ಆದರೆ ಆಯಿಲ್ ಸೋರುವ ಎಂಜಿನ್ನಿನ ಪಕ್ಕ ಅದು ಬಾಳುವುದಿಲ್ಲ. ಬಿಗಿ ಮಾಡಲು ಮೂರರಿಂದ ಐದು ನ್ಯೂಟನ್ ಮೀಟರ್ ಸಾಕು. ಹಲ್ಲು ಕಚ್ಚಿ ತಿರುಗಿಸುವ ಸ್ಕ್ರೂ ಅಲ್ಲ ಇದು. ಎರಡು ಸಲ ಎಂಜಿನ್ ಕಾದು ಆರಿದ ಮೇಲೆ, ತಣ್ಣಗಿರುವಾಗ ಒಮ್ಮೆ ನೋಡಿ. ರಬ್ಬರು ಅಷ್ಟರಲ್ಲಿ ಕೂತಿರುತ್ತದೆ.

ಎಂಜಿನ್ ತನ್ನ ರಬ್ಬರ್ ಮೌಂಟಿನ ಮೇಲೆ ತೂಗಾಡುತ್ತದೆ, ಚಾಸಿ ತೂಗಾಡುವುದಿಲ್ಲ. ಆದ್ದರಿಂದ ಪೈಪನ್ನು ಎರಡರಲ್ಲಿ ಒಂದಕ್ಕೆ ಮಾತ್ರ ರಬ್ಬರ್ ಸುತ್ತಿದ ಬ್ರ್ಯಾಕೆಟ್ಟಿನಿಂದ ಕಟ್ಟಿ. ಎರಡಕ್ಕೂ ಕಟ್ಟಿದರೆ ಬೆಸುಗೆ ಸೀಳುತ್ತದೆ. ಇನ್ನೊಂದು ಕಡೆ ಪೈಪಿಗೂ ಮೂತಿಗೂ ನಡುವೆ ಬರಿ ಹೋಸ್ ಎರಡು ಇಂಚಾದರೂ ಇರಲಿ. ಕೆಳಗಿನ ಹೋಸ್ ಉದ್ದವಾಗಿದ್ದರೆ ಒಳಗೊಂದು ಸ್ಪ್ರಿಂಗ್ ಹಾಕಿ, ಇಲ್ಲವಾದರೆ ಪಂಪಿನ ಎಳೆತಕ್ಕೆ ಅದು ಚಪ್ಪಟೆಯಾಗುತ್ತದೆ.

ಹೋಸ್ ಏರಿಸುವಾಗ ಗ್ರೀಸು ಹಚ್ಚಬೇಡಿ, ಸೋಪಿನ ನೀರು ಸಾಕು. ಗ್ಯಾಸ್ಕೆಟ್ ಪೇಸ್ಟ್ ಬಳಿಯುವುದು ಕೆಲವರಿಗೆ ಮಂಗಳಾರತಿಯಷ್ಟೇ ಕಡ್ಡಾಯ. ಅದರ ಚೂರುಗಳು ನೇರ ಹೀಟರಿನ ಸಣ್ಣ ಕೊಳವೆಗಳಿಗೆ ಹೋಗಿ ಕೂರುತ್ತವೆ. ಕೆಲಸ ಮುಗಿದ ಮೇಲೆ ರೇಡಿಯೇಟರ್ ಬಾಯಿಗೆ ಕೈಪಂಪು ಕಟ್ಟಿ ಕ್ಯಾಪಿನ ಮೇಲೆ ಬರೆದ ಅಂಕೆಯಷ್ಟು ಒತ್ತಡ ಏರಿಸಿ. ಹತ್ತು ನಿಮಿಷ ಮುಳ್ಳು ಅಲುಗಬಾರದು. ಆಮೇಲೆ ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ನೀರು ಅರ್ಧ. ಬೋರ್‌ವೆಲ್ ನೀರು ಬೇಡ, ಅದರ ಸುಣ್ಣ ಒಳಗೆ ಪದರಗಟ್ಟುತ್ತದೆ. ಹೊಸ ಪೈಪು ರೇಡಿಯೇಟರಿಗಿಂತ ಎತ್ತರಕ್ಕೆ ಹೋಗಿದ್ದರೆ ಗಾಳಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಪೈಪು ಮಾಡಿಸುವಾಗಲೇ ಆ ಎತ್ತರದ ಜಾಗಕ್ಕೆ ಗಾಳಿ ಹೊರಬಿಡುವ ಒಂದು ಬ್ಲೀಡ್ ಸ್ಕ್ರೂ ಹಾಕಿಸಿ. ಬಣ್ಣ ಹೊಡೆದು ಮುಗಿದ ಮೇಲೆ ನೆನಪಾದರೆ ವೆಲ್ಡರ್ ಫೋನೇ ಎತ್ತುವುದಿಲ್ಲ.