ಪದ ಒಂದು, ಪದವಿ ಹನ್ನೊಂದು

ಸಮುದ್ರದ ಮೇಲ್ಮೈ ಎಷ್ಟು ಬಿಸಿ ಇದೆ ಅಂತ ಬಲ್ಲವರನ್ನು ಕೇಳಿ ನೋಡಿ. ಯಾವ ಮೇಲ್ಮೈ ಅಂತ ಅವರೇ ತಿರುಗಿ ಕೇಳುತ್ತಾರೆ. ಹವಾಮಾನದ ದತ್ತಾಂಶಕ್ಕೆ ಹೆಸರಿಡುವ ಸಿಎಫ್ ಪದಪಟ್ಟಿಯಲ್ಲಿ ನೀರಿನ ಚರ್ಮದ, ಅಂದರೆ ತೀರಾ ತೆಳುವಾದ ಮೇಲ್ಪದರದ ತಾಪಕ್ಕೆ ಒಂದು ಹೆಸರು, ಅದರ ಕೆಳಗೆ ಸುಮಾರು 1 ಮಿಲಿಮೀಟರ್ ಆಳದ ತಾಪಕ್ಕೆ ಇನ್ನೊಂದು, ಹಗಲಿನ ಬಿಸಿಲಿಗೆ ಏರಿಳಿಯದ ತಳಪಾಯದ ತಾಪಕ್ಕೆ ಮತ್ತೊಂದು. ನಗಬೇಡಿ, ಇದು ಬೇಕೇ ಬೇಕು. ಉಪಗ್ರಹದ ಇನ್ಫ್ರಾರೆಡ್ ಕಣ್ಣಿಗೆ ಕಾಣುವುದು ಬರೀ ಚರ್ಮ, ಮೈಕ್ರೋವೇವ್ ಕಣ್ಣಿಗೆ ಅದಕ್ಕಿಂತ ಚೂರು ಒಳಗಿನದು. ಎಲ್ಲಕ್ಕೂ ಒಂದೇ ಹೆಸರಿಟ್ಟರೆ ಲೆಕ್ಕ ಎಕ್ಕುಟ್ಟಿ ಹೋಗುತ್ತದೆ.

ಇಂಥದ್ದೇ ಇನ್ನೊಂದು ಪದಕೋಶಕ್ಕೆ ನಾನೂ ಹೋಗಿ ಸೇರಿಕೊಂಡೆ. ಅದರ ಹೆಸರು ಬೇಡ. ಎಲ್ಲರೂ ಪುಕ್ಕಟೆ ದುಡಿಯುವವರು, ಒಳ್ಳೆಯವರು. ಮೊದಲ ವಾರವೇ ಒಂದು ವ್ಯಾಖ್ಯೆಯಲ್ಲಿ ತಪ್ಪು ಕಂಡಿತು. ಮಿಲಿಮೀಟರ್ ಇರಬೇಕಾದ ಕಡೆ ಬರೀ ಮೀಟರ್ ಇತ್ತು. ಒಂದು ‘ಮಿಲಿ’ ಸೇರಿಸಬೇಕು, ಅಷ್ಟೇ. ಯಾರಿಗೆ ಹೇಳಲಿ?

ಪಾಲಕರಿಗೆ ಹೇಳಿದೆ. ‘ನಾನು ಕಾಯುವವನು, ತಿದ್ದುವವನಲ್ಲ’ ಅಂದರು. ಸಂಪಾದಕರು ಭಾಷೆ ಮಾತ್ರ ನೋಡುತ್ತಾರಂತೆ, ‘ಮಿಲಿ’ ವಿಜ್ಞಾನಕ್ಕೆ ಸೇರಿದ್ದಂತೆ. ವಿಷಯ ತಜ್ಞರು ‘ಹೌದಲ್ವಾ, ಸಾವಿರ ಪಟ್ಟು ತಪ್ಪು!’ ಅಂತ ಖುಷಿಪಟ್ಟು, ತಮ್ಮದು ಬರೀ ಸಲಹೆ ಕೊಡುವ ಸ್ಥಾನ ಅಂದುಬಿಟ್ಟರು. ನಿರ್ವಾಹಕರು ಸಂಚಾಲಕರ ಕಡೆ ಕೈ ತೋರಿಸಿದರು. ಸಂಚಾಲಕರು ಸಂಯೋಜಕರ ಕಡೆ. ಸಂಯೋಜಕರು ಯಾರು ಅಂತ ನೋಡಿದರೆ, ಆ ಪಾಲಕರೇ! ಎಣಿಸಿ ನೋಡಿದೆ. ಹುದ್ದೆ 11, ಜನ 9.

ಸಂಚಾಲಕರಿಗೂ ಸಂಯೋಜಕರಿಗೂ ಏನು ವ್ಯತ್ಯಾಸ ಅಂತ ಸುಮ್ನೆ ಕೇಳಿದೆ, ಕೇಳಬಾರದಿತ್ತು. ನೀರಿನ ಚರ್ಮ ಎಷ್ಟು ದಪ್ಪ ಅಂತ ಮೈಕ್ರೋಮೀಟರಲ್ಲಿ ಹೇಳುವ ಜನ ಇದಕ್ಕೆ ಒಂದೂವರೆ ಗಂಟೆ ತಡಕಾಡಿದರು. ಕೊನೆಗೆ ಹುದ್ದೆಗಳಿಗೆ ವ್ಯಾಖ್ಯೆ ಬರೆಯಲು ಒಂದು ಉಪಸಮಿತಿ ಆಯಿತು. ಅದಕ್ಕೆ ಅಧ್ಯಕ್ಷರು ಬೇಕಲ್ಲ, ಮಾಡಿದರು. ಅಲ್ಲಿಗೆ ಹುದ್ದೆ 12.

ಇವರ ತೀರ್ಮಾನದ ರೀತಿಯೂ ಚೆನ್ನಾಗಿದೆ. ಇಂತಿಷ್ಟು ದಿನ ಯಾರೂ ಆಕ್ಷೇಪ ಎತ್ತದಿದ್ದರೆ ಒಪ್ಪಿಗೆ ಆದ ಹಾಗೆ. ಮೌನವೇ ಸಮ್ಮತಿ. ಓದಿ ಒಪ್ಪಿದವರು, ಓದದೇ ಬಿಟ್ಟವರು, ಬಿಟ್ಟೇ ಹೋದವರು, ಎಲ್ಲರದ್ದೂ ಒಂದೇ ಮೌನ.

ಬಿಟ್ಟು ಹೋದವರು ಅಂದೆ, ಅಲ್ಲೊಂದು ಸ್ವಾರಸ್ಯ ಇದೆ. ಜೀನ್‌ಗಳ ಕೆಲಸವನ್ನು ವಿವರಿಸುವ ಜೀನ್ ಆಂಟಾಲಜಿ ಅನ್ನುವ ಪದಕೋಶದಲ್ಲಿ ಒಂದು ಪದ ಬೇಡವಾದರೆ ಅದನ್ನು ಅಳಿಸುವುದಿಲ್ಲ. ‘ಬಳಕೆಯಲ್ಲಿಲ್ಲ’ ಅಂತ ಚೀಟಿ ಅಂಟಿಸಿ ಇಡುತ್ತಾರೆ. ಅದರ ಏಳಂಕಿಯ ಸಂಖ್ಯೆಯನ್ನು ಬೇರೆ ಪದಕ್ಕೆ ಕೊಡುವುದೂ ಇಲ್ಲ, ಏಕೆಂದರೆ ಹಳೇ ಲೇಖನಗಳಲ್ಲಿ ಆ ಸಂಖ್ಯೆ ಕೂತಿರುತ್ತದೆ. ಪದಗಳಿಗೆ ಇದು ಜಾಣತನ. ನಮ್ಮವರು ಇದನ್ನೇ ಮನುಷ್ಯರಿಗೂ ಹಚ್ಚಿದ್ದಾರೆ. ಮುಖ ತೋರಿಸಿ ಎಷ್ಟೋ ಕಾಲವಾದ ಇಬ್ಬರು ‘ಗೌರವ ಸಂಪಾದಕರು’ ಆಗಿ ಪಟ್ಟಿಯಲ್ಲಿ ಇನ್ನೂ ಬೆಚ್ಚಗಿದ್ದಾರೆ. ಪಾಪ, ಚೀಟಿ ಅಂಟಿಸಲು ಯಾರಿಗೆ ಅಧಿಕಾರ ಇದೆ ಅನ್ನುವುದೂ ಉಪಸಮಿತಿಯ ಮುಂದಿದೆ.

ಎಲ್ಲ ಕಡೆ ಹೀಗೇ ಅಂತಲ್ಲ. ಸೆಪ್ಟ್1 ಅನ್ನುವ ಜೀನನ್ನು ಎಕ್ಸೆಲ್ ಸೆಪ್ಟೆಂಬರ್ ಒಂದು ಅಂತ ತಾರೀಖು ಮಾಡುತ್ತಿತ್ತು. ಮಾನವ ಜೀನ್‌ಗಳಿಗೆ ಹೆಸರಿಡುವ ಸಮಿತಿ ಎಕ್ಸೆಲ್ ಜೊತೆ ಗುದ್ದಾಡುವ ಬದಲು ಜೀನಿನ ಹೆಸರನ್ನೇ ಸೆಪ್ಟಿನ್1 ಮಾಡಿತು. 2020ರ ನಿಯಮಾವಳಿಯಲ್ಲಿ ಅದನ್ನು ಬರೆದೂ ಇಟ್ಟಿತು. ಲೆಕ್ಕ ಬರೆಯುವ ತಂತ್ರಾಂಶಕ್ಕೆ ಹೆದರಿ ಜೀನೇ ಹೆಸರು ಬದಲಿಸಿಕೊಂಡಿತು ಅಂತ ನಗಬಹುದು, ಆದರೆ ತೀರ್ಮಾನ ಅಂತ ಒಂದು ಆಯಿತಲ್ಲ!

ನಮ್ಮ ‘ಮಿಲಿ’ ಏನಾಯಿತು? ಈ ಯೋಜನೆಯಲ್ಲಿ ಕತ್ತೆ ಚಾಕರಿ ಮಾಡುವ ಒಬ್ಬಳು ಇದ್ದಾಳೆ. ವ್ಯಾಖ್ಯೆ ಬರೆಯುವುದು, ಎರಡು ಸಲ ನುಸುಳಿದ ಪದ ಹುಡುಕುವುದು, ಹೊಸ ಪಟ್ಟಿ ಬಿಡುಗಡೆ ಮಾಡುವುದು, ಎಲ್ಲ ಅವಳೇ. ಹುದ್ದೆ ಮಾತ್ರ ಇಲ್ಲ. ಒಂದು ಭಾನುವಾರ ರಾತ್ರಿ, ಯಾರನ್ನೂ ಕೇಳದೆ ಅವಳು ‘ಮಿಲಿ’ ಸೇರಿಸಿದಳು. ಎರಡು ನಿಮಿಷ ಹಿಡಿಯಿತಂತೆ.

ಸೋಮವಾರ ಅವಳಿಗೊಂದು ಪತ್ರ ಬಂತು. ಯಾವ ಹುದ್ದೆಯಲ್ಲಿದ್ದುಕೊಂಡು ಇದನ್ನು ತಿದ್ದಿದಿರಿ, ದಯವಿಟ್ಟು ತಿಳಿಸಿ. ಉತ್ತರ ಬರುವವರೆಗೆ ಮೀಟರನ್ನೇ ವಾಪಸ್ ಹಾಕಿದ್ದಾರೆ.