ಮಗಳ ಚೀಟಿಯಲ್ಲಿ ಹೊಡೆದುಹಾಕಿದ ಸಾಲು

ಇವತ್ತು ಸೆಪ್ಟೆಂಬರ್ 17. ಆಫೀಸಿನಿಂದ ಬಂದವನು ಇನ್ನೂ ಬಟ್ಟೆ ಕೂಡ ಬದಲಿಸಿಲ್ಲ. ಹಾಗೇ ಕೂತು ಬರೆಯುತ್ತಿದ್ದೇನೆ. ಸಿಟ್ಟು ಆರಿದ ಮೇಲೆ ಬರೆಯೋಣ ಅಂದುಕೊಂಡರೆ ಪ್ರತಿ ವರ್ಷದ ಹಾಗೆ ಈ ವರ್ಷವೂ ಸುಮ್ಮನಾಗಿಬಿಡುತ್ತೇನೆ.

ಮಗಳು ಐದನೇ ಕ್ಲಾಸು. ಅವರ ಶಾಲೆಯಲ್ಲಿ ಬೆಳಗ್ಗೆ ಪ್ರಾರ್ಥನೆ ಆದಮೇಲೆ ಒಂದು ಮಗು 'ಇಂದಿನ ದಿನ ವಿಶೇಷ' ಓದುತ್ತದೆ. ಈ ದಿನ ಹಿಂದೆ ಏನೇನಾಗಿತ್ತು, ಯಾರು ಹುಟ್ಟಿದ್ದರು, ಯಾವ ಆಚರಣೆ ಇದೆ, ಇಷ್ಟೇ. ಇವತ್ತು ಇವಳ ಸರದಿ. ನಿನ್ನೆ ರಾತ್ರಿ ಊಟ ಮುಗಿಸಿ ಇಬ್ಬರೂ ಕೂತು ಬರೆದೆವು. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಅಮೆರಿಕದ ಸಂವಿಧಾನಕ್ಕೆ ಸಹಿ ಬಿದ್ದ ದಿನ. 1879ರಲ್ಲಿ ಈರೋಡಿನಲ್ಲಿ ಪೆರಿಯಾರ್ ಹುಟ್ಟಿದ ದಿನ. 1950ರಲ್ಲಿ ನರೇಂದ್ರ ಮೋದಿ ಹುಟ್ಟಿದ ದಿನ. ವಿಶ್ವಕರ್ಮ ಜಯಂತಿ. ಅಶ್ವಿನ್ ಹುಟ್ಟಿದ್ದೂ ಇವತ್ತೇ ಅಂತ ಅವಳೇ ಹುಡುಕಿ ಸೇರಿಸಿದಳು, ಕ್ರಿಕೆಟ್ ಅಂದರೆ ಪ್ರಾಣ ಅವಳಿಗೆ. ಎಲ್ಲಕ್ಕಿಂತ ಮೇಲೆ, ಮೊದಲನೇ ಸಾಲು ನಾನು ಹೇಳಿ ಬರೆಸಿದ್ದು: "1948ರ ಸೆಪ್ಟೆಂಬರ್ 17ರಂದು ನಿಜಾಮನ ಆಳ್ವಿಕೆ ಮುಗಿಯಿತು. ಬೀದರ್, ಕಲಬುರಗಿ, ರಾಯಚೂರಿನ ಜನ ಸ್ವತಂತ್ರ ಭಾರತಕ್ಕೆ ಸೇರಿದರು. ಇವತ್ತು ಕಲ್ಯಾಣ ಕರ್ನಾಟಕ ಉತ್ಸವ ದಿನ."

ಸಂಜೆ ಚೀಟಿ ನೋಡಿದೆ. ಆ ಸಾಲಿನ ಮೇಲೆ ಕೆಂಪು ಗೆರೆ. ಉಳಿದದ್ದೆಲ್ಲ ಹಾಗೇ ಇದೆ.

"ಯಾಕಮ್ಮ ಹೊಡೆದರು?"

"ಅದು ನಿಮ್ಮಪ್ಪನ ಕಡೆಯದು ಅಲ್ವಾ, ಇಲ್ಲಿ ಬೇಡ ಅಂದ್ರು ಮಿಸ್."

ಫಿಲಡೆಲ್ಫಿಯಾ ಇಲ್ಲಿಗೆ ಬೇಕು, ಕಲಬುರಗಿ ಬೇಡ. ಬೆಂಗಳೂರಿನಿಂದ ಒಂದು ರಾತ್ರಿ ರೈಲಿನಲ್ಲಿ ಮಲಗಿ ಎದ್ದರೆ ಸಿಗುವ ಊರು ಅದು.

ಆ ಟೀಚರ್ ಮೇಲೆ ನನಗೆ ದ್ವೇಷವಿಲ್ಲ. ಒಳ್ಳೆಯವರು, ಮಕ್ಕಳನ್ನು ಪ್ರೀತಿಯಿಂದ ನೋಡಿಕೊಳ್ಳುತ್ತಾರೆ. ಅವರಿಗೂ ಶಾಲೆಯಲ್ಲಿ ಯಾರೂ ಇದನ್ನು ಹೇಳಿರಲಿಕ್ಕಿಲ್ಲ. ಆದರೆ "ನಿಮ್ಮ ಕಡೆಯದು" ಅನ್ನೋ ಆ ಮಾತಿದೆಯಲ್ಲ, ಅದನ್ನು ನಾನು ಈ ಊರಿಗೆ ಬಂದಾಗಿನಿಂದ ಕೇಳುತ್ತಿದ್ದೇನೆ. ಪಿಜಿಯಲ್ಲಿ ಕೇಳಿದ್ದೇನೆ, ಆಫೀಸಿನಲ್ಲಿ ಕೇಳಿದ್ದೇನೆ, ನೆಂಟರ ಮದುವೆ ಮನೆಯಲ್ಲಿ ಕೇಳಿದ್ದೇನೆ. ಇವತ್ತು ಅದು ನನ್ನ ಮಗಳ ಬಾಯಿಂದ ಬಂತು. ಹೊಟ್ಟೆಯಲ್ಲಿ ಸಂಕಟ ಆಯಿತು.

ಲೆಕ್ಕ ಹಾಕಿ ನೋಡಿ. 1947ರ ಆಗಸ್ಟ್ 15ರಿಂದ 1948ರ ಸೆಪ್ಟೆಂಬರ್ 17ರವರೆಗೆ 399 ದಿನ. ದೇಶವೆಲ್ಲ ಬಾವುಟ ಹಾರಿಸಿದ ಮೇಲೂ ಅಷ್ಟು ದಿನ ನಮ್ಮ ಮುತ್ಯಾ, ಆಯಿಗಳು, ಅಂದರೆ ಅಜ್ಜ ಅಜ್ಜಿಯರು, ಹೈದರಾಬಾದಿನ ನಿಜಾಮನ ಪ್ರಜೆಗಳಾಗಿಯೇ ಇದ್ದರು. ಆ ಆಗಸ್ಟ್‌ನಲ್ಲಿ ತ್ರಿವರ್ಣ ಧ್ವಜ ಹಿಡಿದವರನ್ನು ಜೈಲಿಗೆ ಹಾಕಿದರು. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು ನಡೆಸುತ್ತಿದ್ದ ಸ್ವಾಮಿ ರಾಮಾನಂದ ತೀರ್ಥರೂ ಒಳಗೆ ಹೋದರು. ಲಾತೂರಿನ ವಕೀಲ ಕಾಸಿಂ ರಜ್ವಿಯ ರಜಾಕಾರರು, ಅಂದರೆ ನಿಜಾಮನ ಪರ ನಿಂತ ಖಾಸಗಿ ಪಡೆಯವರು, ಹಳ್ಳಿ ಹಳ್ಳಿಗೆ ನುಗ್ಗಿದರು. 1948ರ ಮೇ 9ರಂದು ಬಸವಕಲ್ಯಾಣ ತಾಲ್ಲೂಕಿನ ಗೋರಟಾದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡವನ್ನು ನಮ್ಮ ಕಡೆ ಇವತ್ತಿಗೂ ದಕ್ಷಿಣದ ಜಲಿಯನ್‌ವಾಲಾ ಬಾಗ್ ಅಂತಲೇ ಕರೆಯುತ್ತಾರೆ. ಗಡಿಯಾಚೆ ಮುಂಡರಗಿಯಂಥ ಊರುಗಳಲ್ಲಿ ಹೋರಾಟಗಾರರ ಶಿಬಿರಗಳು ನಡೆದವು. ಮುಂಡರಗಿ ಶಿಬಿರಕ್ಕೆ ಅಳವಂಡಿ ಶಿವಮೂರ್ತಿಸ್ವಾಮಿಗಳು ಮುಂದಾಳು. ಕೊನೆಗೆ ಸೆಪ್ಟೆಂಬರ್ 13ರಂದು ಭಾರತೀಯ ಸೇನೆಯ ಜನರಲ್ ಚೌಧುರಿಯವರ ಪಡೆ ಸೊಲ್ಲಾಪುರದ ಕಡೆಯಿಂದ ಒಳಗೆ ಬಂತು. ಐದನೇ ದಿನಕ್ಕೆ ನಿಜಾಮ ಕೈಚೆಲ್ಲಿದ. ಇದನ್ನೇ ಪೊಲೀಸ್ ಆ್ಯಕ್ಷನ್ ಅನ್ನುವುದು.

ಕನ್ನಡದ ಕಥೆ ಇನ್ನೂ ಬೇರೆ. ಕಚೇರಿ, ಕೋರ್ಟು, ಓದು ಎಲ್ಲ ಉರ್ದುವಿನಲ್ಲಿ. ಉರ್ದು ಮೇಲೆ ನನಗೆ ಕೋಪವಿಲ್ಲ, ಅರ್ಧ ಮಾತು ನಮ್ಮವೂ ಅದರಿಂದಲೇ ಬಂದವು. ಆದರೆ ಮನೆಯಲ್ಲಿ ಕನ್ನಡ ಆಡುವ ಮಗುವಿಗೆ ಕನ್ನಡ ಶಾಲೆ ಸಿಗುತ್ತಿರಲಿಲ್ಲ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಇಂಥ ಒಂದು ಸಾಲು ನಾನು ಓದಿದ ಯಾವ ಪಠ್ಯದಲ್ಲೂ ಇದ್ದ ನೆನಪಿಲ್ಲ. ಕನ್ನಡ ಉಳಿಸಿ ಅಂತ ನವೆಂಬರ್‌ನಲ್ಲಿ ಶಾಲು ಹಾಕಿಕೊಳ್ಳುವ ನಾವು ಆ ಬೋರ್ಡಿನ ಹಿಂದೆ ಕೂತಿದ್ದ ಮಕ್ಕಳನ್ನು ಯಾಕೆ ನೆನೆಯುವುದಿಲ್ಲ?

ನಾನು ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನವನು ಅಂತ ನಿಮಗೆಲ್ಲ ಗೊತ್ತು. ಸೊಲ್ಲಾಪುರದ ಗಡಿ ನಮಗೆ ಹತ್ತಿರ. ನಮ್ಮ ಆಯಿಗೆ ಆಗ ಹತ್ತು ವರ್ಷ. ಅವಳು ಯಾವತ್ತೂ ಇಸವಿ ಹೇಳಿದವಳಲ್ಲ. "ಪೊಲೀಸ್ ಆ್ಯಕ್ಷನ್ ಆದ ವರ್ಷ", "ಪೊಲೀಸ್ ಆ್ಯಕ್ಷನ್‌ಕಿಂತ ಮೊದಲ" ಅನ್ನುತ್ತಿದ್ದಳು. ಆ ಬೇಸಿಗೆಯಲ್ಲಿ ರಜಾಕಾರರು ಬರುತ್ತಾರೆ ಅಂತ ಸುದ್ದಿ ಬಂದಾಗ ಮನೆಯವರು ಜೋಳವನ್ನೆಲ್ಲ ಹಗೇವಿಗೆ, ಅಂದರೆ ನೆಲದೊಳಗೆ ತೋಡಿದ ಕಾಳಿನ ಗುಂಡಿಗೆ, ತುಂಬಿ, ಮೇಲೆ ಹೊಟ್ಟು ಹಾಕಿ, ಕಲ್ಲು ಮುಚ್ಚಿ, ಮಣ್ಣು ಮೆತ್ತಿದರಂತೆ. ಅದರ ಮೇಲೆ ಎಮ್ಮೆ ಕಟ್ಟುವ ಗೂಟ ಹೊಡೆದು, ಸಗಣಿ ಹರಡಿದರು. ರಾತ್ರೋರಾತ್ರಿ ನಡೆದು ಗಡಿ ದಾಟಿ ದುಧನಿಗೆ ಹೋದರು. ಅಲ್ಲಿ ನಾಲ್ಕು ತಿಂಗಳು ಇನ್ನೊಬ್ಬರ ಪಡಸಾಲೆಯಲ್ಲಿ ಇದ್ದರು.

ವಾಪಸ್ ಬಂದಾಗ ಮನೆಗೆ ಬಾಗಿಲು ಇರಲಿಲ್ಲ. ಚೌಕಟ್ಟಿನ ಸಮೇತ ಕಿತ್ತುಕೊಂಡು ಹೋಗಿದ್ದರು. ಹಗೇವು ಮಾತ್ರ ಹಾಗೇ ಇತ್ತು. ಕಲ್ಲು ಸರಿಸಿ, ಒಳಗಿನ ಕೆಟ್ಟ ಗಾಳಿ ಹೋಗಲಿ ಅಂತ ಒಂದು ದಿನ ಬಾಯಿ ತೆರೆದು ಬಿಟ್ಟು, ಆಮೇಲೆ ಇಳಿದು ಜೋಳ ತೆಗೆದರು. ಹಗೇವಿನ ಜೋಳಕ್ಕೆ ಒಂದು ಮುಗ್ಗಲು ವಾಸನೆ ಇರುತ್ತದೆ. ರೊಟ್ಟಿ ತಟ್ಟುವಾಗಲೇ ಮೂಗಿಗೆ ಬಡಿಯುತ್ತದೆ. "ಆ ರೊಟ್ಟಿ ವಾಸ್ನಿ ಇನ್ನಾ ಹೋಗಿಲ್ಲ ನೋಡು" ಅಂತ ಆಯಿ ಎಂಬತ್ತರ ಹತ್ತಿರ ಬಂದಾಗಲೂ ಅನ್ನುತ್ತಿದ್ದಳು. ಅವಳಿಗೆ ಸ್ವಾತಂತ್ರ್ಯ ಅಂದರೆ ಆ ವಾಸನೆ. ಅದನ್ನು ಕೆಂಪು ಪೆನ್ನಿನಿಂದ ಹೊಡೆದುಹಾಕಿದರೆ ನಾನು ಹೇಗೆ ಸುಮ್ಮನಿರಲಿ?

ಇವತ್ತು ಮಧ್ಯಾಹ್ನ ಗೆಳೆಯನೊಬ್ಬ ಇನ್ನೊಂದು ಮಾತು ಹೇಳಿದ. "ಒಂದೇ ದೇಶ, ಒಂದೇ ಸ್ವಾತಂತ್ರ್ಯ ದಿನ ಸಾಕು. ಹಳೇ ಗಾಯ ಕೆರೆದರೆ ಹಿಂದೂ-ಮುಸ್ಲಿಂ ಜಗಳ ಬರುತ್ತೆ ಅಷ್ಟೇ." ಮೊದಲ ಭಾಗಕ್ಕೆ ಉತ್ತರ ಕೊಡುವುದೇ ಬೇಡ. ಆಗಸ್ಟ್ 15ನ್ನು ನಾವೂ ಮನಸಾರೆ ಆಚರಿಸುತ್ತೇವೆ. ಗಡಿಯಾಚೆಯ ಮರಾಠವಾಡಾದಲ್ಲಿ ಇದೇ ದಿನ ಮುಕ್ತಿಸಂಗ್ರಾಮ ದಿನ, ಅಲ್ಲಿ ಯಾರೂ ಇದರಿಂದ ದೇಶ ಒಡೆಯಿತು ಅನ್ನುವುದಿಲ್ಲ. ಎರಡನೇ ಭಾಗ ಮಾತ್ರ ನನ್ನನ್ನು ಬಿಡಲಿಲ್ಲ. ಅದಕ್ಕೆ ನನ್ನ ಉತ್ತರ ಇದು: ಮುಚ್ಚಿಟ್ಟಿದ್ದಕ್ಕೇ ಜಗಳ. ಪೂರ್ತಿ ಹೇಳಿದರೆ ಯಾರೂ ಅದನ್ನು ಜಗಳಕ್ಕೆ ಬಳಸಲಾರರು.

ಪೂರ್ತಿ ಅಂದರೆ ಪೂರ್ತಿ. ರಜಾಕಾರರ ವಿರುದ್ಧ ಬರೆದ ಉರ್ದು ಪತ್ರಕರ್ತ ಶೋಯೆಬುಲ್ಲಾ ಖಾನ್ ಅವರನ್ನು 1948ರ ಆಗಸ್ಟ್‌ನಲ್ಲಿ ಹೈದರಾಬಾದಿನಲ್ಲಿ ಕೊಂದರು. ಬರೆಯುವ ಕೈಯನ್ನೇ ಕಡಿದರು. ಅವರ ಹೆಸರೂ ಈ ದಿನಕ್ಕೆ ಸೇರಬೇಕು. ಸೇನೆ ಬಂದಮೇಲೆ ಏನಾಯಿತು ಅನ್ನುವುದೂ ಸೇರಬೇಕು. ನೆಹರೂ ಸರ್ಕಾರ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ಊರೂರು ಸುತ್ತಿ ವರದಿ ಕೊಟ್ಟಿತು. 27 ಸಾವಿರದಿಂದ 40 ಸಾವಿರ ಜನ ಸತ್ತಿರಬಹುದು ಅಂತ ಅಂದಾಜು ಮಾಡಿತು, ಅದರಲ್ಲಿ ಬಹಳಷ್ಟು ಮುಸ್ಲಿಮರು. ಅತಿ ಹೆಚ್ಚು ನರಳಿದ ನಾಲ್ಕು ಜಿಲ್ಲೆಗಳಲ್ಲಿ ಎರಡು ನಮ್ಮವು, ಕಲಬುರಗಿ ಮತ್ತು ಬೀದರ್. ಆ ವರದಿ ದಶಕಗಟ್ಟಲೆ ಹೊರಗೆ ಬರಲೇ ಇಲ್ಲ.

ಇದನ್ನು ಎಲ್ಲೂ ಹೇಳಿರಲಿಲ್ಲ, ಇವತ್ತು ಹೇಳುತ್ತೇನೆ. ನಮ್ಮ ಹಗೇವು ಎಲ್ಲಿದೆ ಅಂತ ಪಕ್ಕದ ಮನೆಯ ಸಾಬರಿಗೆ ಗೊತ್ತಿತ್ತು. ತೋಡುವಾಗ ಅವರೇ ಕೈಹಚ್ಚಿದ್ದರಂತೆ. ರಜಾಕಾರರು ಬಂದು ಕೇಳಿದಾಗ ಅವರು ತೋರಿಸಲಿಲ್ಲ. ನಮ್ಮವರು ದುಧನಿಯಿಂದ ವಾಪಸ್ ಬರುವಷ್ಟರಲ್ಲಿ ಆ ಮನೆ ಖಾಲಿ. ಎಲ್ಲಿ ಹೋದರು, ಇದ್ದಾರೋ ಇಲ್ಲವೋ, ಆಮೇಲೆ ಯಾರಿಗೂ ತಿಳಿಯಲಿಲ್ಲ. ಕಾಲೇಜು ಓದುವಾಗ ಒಮ್ಮೆ ಆಯಿಯನ್ನು ಕೇಳಿದ್ದೆ, ಈಗ ನಮ್ಮ ಮನೆಗಿರುವ ಬಾಗಿಲು ಎಲ್ಲಿಂದ ಬಂತು ಅಂತ. ಹಳೇ ತೇಗದ ಬಾಗಿಲು ಅದು, ನಮ್ಮ ಮನೆಯ ಅಳತೆಗೆ ಒಂದು ಗೇಣು ಗಿಡ್ಡ. ಮೇಲೆ ಹಲಗೆ ಹೊಡೆದು ಕೂಡಿಸಿದ್ದಾರೆ. ಆಯಿ ಜೋಳ ಹಸನು ಮಾಡುತ್ತಿದ್ದವಳು ತಲೆ ಎತ್ತಲಿಲ್ಲ. "ನಾವ್ ಕೇಳಲಿಲ್ಲಪ್ಪ. ನೀನೂ ಕೇಳಬ್ಯಾಡ" ಅಂದಳು.

ನಾನು ಕೇಳಲಿಲ್ಲ. ಈ ಊರಿಗೆ ಬಂದಮೇಲಂತೂ ಹೇಳುವುದನ್ನೂ ಬಿಟ್ಟೆ. "ಯಾವ ಕಡೆ?" ಅಂದರೆ "ನಾರ್ತ್ ಕರ್ನಾಟಕ" ಅಂದು ಮುಗಿಸುತ್ತಿದ್ದೆ. "ಹುಬ್ಬಳ್ಳಿನಾ?" ಅಂದರೆ ಹೂಂ ಅಂದದ್ದೂ ಇದೆ. ನಮ್ಮ ಮಾತಿನ ಧಾಟಿ ಬದಲಿಸಿಕೊಂಡೆ. ಇಲ್ಲಿಯವರಿಗೆ ನಮ್ಮ ಬಗ್ಗೆ ಗೊತ್ತಿರುವುದು ಒಂದೇ, "ನಿಮಗೇನಪ್ಪ, 371ಜೆ ಇದೆ" ಅನ್ನುವುದು. ನಮ್ಮ ಭಾಗದವರಿಗೆ ಓದಿನ ಸೀಟು, ಸರ್ಕಾರಿ ಕೆಲಸದಲ್ಲಿ ಮೀಸಲಾತಿ ಕೊಡುವ ಆ ವಿಧಿ ಸಂವಿಧಾನಕ್ಕೆ ಸೇರಲು 2012ರ ತಿದ್ದುಪಡಿ ಬೇಕಾಯಿತು, ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಬೀದಿಯಲ್ಲಿ ಕೂಗಬೇಕಾಯಿತು. ಸೀಟು ಯಾಕೆ ಕೊಟ್ಟರು ಅಂತ ಕೇಳುವವರು ಆ 399 ದಿನ, ಅದಕ್ಕೂ ಹಿಂದಿನ ತಲೆಮಾರುಗಳ ಓದಿಲ್ಲದ ಬದುಕು ಏನು ಅಂತ ಒಮ್ಮೆ ಕೇಳಬಾರದೇ? ಕೇಳಿದರೆ ತಾನೇ ನಾವೂ ಹೇಳುವುದು. ಇಲ್ಲ, ಇದು ತಪ್ಪು. ಕೇಳದಿದ್ದರೂ ನಾನು ಹೇಳಬೇಕಿತ್ತು. ನನ್ನ ಮಗಳಿಗೇ ಮೊನ್ನೆಯವರೆಗೆ ಹೇಳಿರಲಿಲ್ಲ.

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯದ ಜಿಲ್ಲೆಗಳು ಮೂರು ಪಾಲಾದವು. ಮೂರು ಜಿಲ್ಲೆಯ ನಾವು ಕನ್ನಡ ಅನ್ನೋ ಒಂದೇ ಕಾರಣಕ್ಕೆ ಮೈಸೂರಿನ ಜೊತೆ ಬಂದೆವು. 2019ರಲ್ಲಿ ಹೈದರಾಬಾದ್ ಕರ್ನಾಟಕ ಅನ್ನುವ ಹೆಸರು ಹೋಗಿ ಕಲ್ಯಾಣ ಕರ್ನಾಟಕ ಆಯಿತು. ಮುಖ್ಯಮಂತ್ರಿಗಳು ಕಲಬುರಗಿಗೆ ಹೋಗಿ ಬಾವುಟ ಹಾರಿಸುತ್ತಾರೆ. ಒಳ್ಳೆಯದು. ಆ ಬಾವುಟ ಒಂದು ಸಲ ಬೆಂಗಳೂರಿನಲ್ಲೂ, ಮಂಗಳೂರಿನಲ್ಲೂ, ಮಂಡ್ಯದಲ್ಲೂ ಹಾರಲಿ. ಅದು ಆಗದಿದ್ದರೆ ಶಾಲೆಯ ಪ್ರಾರ್ಥನೆಯಲ್ಲಿ ಒಂದು ಸಾಲು ಓದಲಿ. ಮೂವತ್ತು ಸೆಕೆಂಡು ಸಾಕು.

ನಾಳೆ ಬೆಳಗ್ಗೆ ಶಾಲೆಗೆ ಹೋಗಿ ಆ ಟೀಚರ್ ಜೊತೆ ಕೂತು ಮಾತಾಡುತ್ತೇನೆ. ಜಗಳಕ್ಕಲ್ಲ. ನಾಳೆ ಯಾರದು ಸರದಿಯೋ, ಆ ಮಗುವಿನ ಚೀಟಿಯಲ್ಲಿ "ನಿನ್ನೆ" ಅಂತಲಾದರೂ ಸೇರಿಸಿಕೊಳ್ಳಿ ಅಂತ ಕೇಳುತ್ತೇನೆ. ಮಗಳು ಆಗಲೇ ಹೊಸ ಹಾಳೆಯಲ್ಲಿ ಆ ಸಾಲನ್ನು ಮತ್ತೆ ಬರೆದಿದ್ದಾಳೆ. ಈಗ ಪಕ್ಕದಲ್ಲಿ ಕೂತು, "ಅಪ್ಪಾ, ಹಗೇವು ಅಂದ್ರೆ ಎಷ್ಟು ಆಳ ಇರುತ್ತೆ? ನಾನು ಹಿಡಿಸ್ತೀನಾ?" ಅಂತ ಕೇಳುತ್ತಿದ್ದಾಳೆ. ಚಿತ್ರ ಬರೆದು ತೋರಿಸಬೇಕು.